ಬೆರಳ ತುದಿಯ ಹುಡುಕಾಟ

2012ರಲ್ಲಿ ಟಿಂಡರ್ ಎಂಬ ಡೇಟಿಂಗ್ ಆ್ಯಪ್ ಬಂದ ಮೇಲೆ ಸಂಗಾತಿಯ ಆಯ್ಕೆ ಬೆರಳ ತುದಿಗೆ ಇಳಿಯಿತು. ಫೋಟೋ ಬಲಕ್ಕೆ ಸರಿಸಿದರೆ ಒಪ್ಪಿಗೆ, ಎಡಕ್ಕಾದರೆ ಬೇಡ. ‘ಊಟ ಆಯ್ತಾ’ ಎಂದು ಮಾತು ಶುರುವಾಗುವಷ್ಟರಲ್ಲಿ ಇನ್ನೊಂದು ಮುಖ ಕಣ್ಣಿಗೆ ಬೀಳುತ್ತದೆ. ಉತ್ತರಕ್ಕೆ ಕಾದವರು ಕಾಯುತ್ತಲೇ ಇರುತ್ತಾರೆ. ನಮ್ಮನ್ನು ಮೆಚ್ಚಿದವರು ಯಾರೆಂದು ನೋಡಲೂ ದುಡ್ಡು ಕಟ್ಟಬೇಕು! ಆ್ಯಪ್‌ನ ಲೆಕ್ಕಾಚಾರವೇ ಹಾಗೆ. ಇಬ್ಬರು ಮನಸಾರೆ ಒಪ್ಪಿ ಸಂಸಾರ ಹೂಡಿದರೆ ಆ್ಯಪ್‌ಗೆ ಇಬ್ಬರು ಗಿರಾಕಿಗಳು ಕಡಿಮೆ. ಹುಡುಕುತ್ತಲೇ ಇದ್ದರೆ ಲಾಭ. ಅಲ್ಲಿ ಸಿಕ್ಕಿ ಚೆನ್ನಾಗಿ ಬಾಳುತ್ತಿರುವವರು ಇಲ್ಲವೆಂದಲ್ಲ, ಇದ್ದಾರೆ. ಆದರೆ ನಿಮಗೆ ಬೇಕಿರುವುದು ಬಾಳಸಂಗಾತಿಯೇ ಆಗಿದ್ದರೆ ಅದನ್ನು ಮೊದಲೇ ನೇರವಾಗಿ ಹೇಳಿಬಿಡಿ. ತಿಂಗಳುಗಟ್ಟಲೆ ಮೆಸೇಜು ಕಳಿಸುತ್ತ ಕೂರಬೇಡಿ. ನಾಲ್ಕು ಜನ ಓಡಾಡುವ ಕಡೆ ಎದುರುಬದುರು ಕೂತು ಮಾತಾಡಿ.