ತುಟಿ ಮೈಕಿಗೆ ತಾಗುವಷ್ಟು ಹತ್ತಿರ

ಅಮೆರಿಕದ ಟೆಕ್ಸಾಸ್‌ನಲ್ಲಿ 1923ರಲ್ಲಿ ಹುಟ್ಟಿದ ಗಾಯಕ ಜಿಮ್ ರೀವ್ಸ್ ಅವರಿಗೆ ಬೇಸ್‌ಬಾಲ್ ಆಟಗಾರನಾಗುವ ಆಸೆಯಿತ್ತು. ಗಾಯವಾಗಿ ಆಟ ನಿಂತಿತು. ಹೊಟ್ಟೆಪಾಡಿಗೆ ರೇಡಿಯೋ ಉದ್ಘೋಷಕರಾದರು. ಶ್ರೀವ್‌ಪೋರ್ಟ್ ನಗರದ ನಿಲಯವೊಂದರಲ್ಲಿ ‘ಲೂಸಿಯಾನಾ ಹೇರೈಡ್’ ಸಂಗೀತ ಕಾರ್ಯಕ್ರಮಕ್ಕೆ ದನಿ ಕೊಡುತ್ತಿದ್ದವರು ಅದೇ ವೇದಿಕೆಯಲ್ಲಿ ಹಾಡತೊಡಗಿದರು. 1953ರಲ್ಲಿ ಅವರ ‘ಮೆಕ್ಸಿಕನ್ ಜೋ’ ಹಾಡು ಗೆದ್ದಿತು.

ಆಗಿನ್ನೂ ಅವರದು ಗಂಟಲೆತ್ತಿ ಹಾಡುವ ರೀತಿ. 1957ರ ‘ಫೋರ್ ವಾಲ್ಸ್’ಗೆ ಬರುವಷ್ಟರಲ್ಲಿ ದನಿ ಇಳಿಸಿದ್ದರು. ತುಟಿ ಮೈಕಿಗೆ ತಾಗುವಷ್ಟು ಹತ್ತಿರ ನಿಂತು, ಪಕ್ಕದಲ್ಲಿ ಕೂತವರೊಡನೆ ಮಾತಾಡುವಂತೆ ಹಾಡಿದರು. ಇದು ಉದ್ಘೋಷಕನ ಕಸುಬಿನಿಂದಲೇ ಬಂದದ್ದೆಂದು ನನ್ನ ಎಣಿಕೆ. ರೇಡಿಯೋದವನಿಗೆ ಸಭೆ ಕಾಣುವುದಿಲ್ಲ. ಎಲ್ಲೋ ಒಬ್ಬರು ಕೇಳುತ್ತಿದ್ದಾರೆ ಎಂಬ ನಂಬಿಕೆಯಷ್ಟೇ. ಮೈಕಿನ ಮುಂದಿರುವ ನನಗೂ ಈಗ ಅಷ್ಟೇ, ಬಿಡಿ! ‘ಹಿ ವಿಲ್ ಹ್ಯಾವ್ ಟು ಗೋ’ ಹಾಡಂತೂ ಫೋನಿನಲ್ಲಿ ಪ್ರೇಯಸಿಯೊಡನೆ ಆಡುವ ಮಾತು. ಅದಕ್ಕೆ ಇನ್ಯಾವ ದನಿ ಒಪ್ಪೀತು? ಭಾರತದಲ್ಲೂ ಅವರ ಗ್ರಾಮಫೋನ್ ತಟ್ಟೆಗಳಿಗೆ ಅಭಿಮಾನಿಗಳಿದ್ದರು.

1964ರ ಜುಲೈನಲ್ಲಿ ತಾವೇ ನಡೆಸುತ್ತಿದ್ದ ಪುಟ್ಟ ವಿಮಾನ ನ್ಯಾಶ್‌ವಿಲ್ ಬಳಿ ಬಿದ್ದು ತೀರಿಕೊಂಡರು. ವಯಸ್ಸು ನಲವತ್ತು. ಎರಡು ವರ್ಷದ ಮೇಲೆ, 1966ರಲ್ಲಿ, ಅವರ ‘ಡಿಸ್ಟೆಂಟ್ ಡ್ರಮ್ಸ್’ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು.