ಮುತ್ಯಾನ ಸಂದೂಕಿನ ಹಾಲಿ ಸಿಕ್ಕಾ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳೆಯ ಮನೆಗಳಲ್ಲಿ ಮುತ್ಯಾನ ಕಾಲದ ಸಂದೂಕನ್ನು ತೆರೆದರೆ, ತಳದಲ್ಲಿ ಕಾಗದದಿಂದ ಬಿಗಿಯಾಗಿ ಸುತ್ತಿದ ರೂಪಾಯಿಗಳ ಸುರುಳಿಯೊಂದು ಸಿಗುವುದುಂಟು. ಕಾಗದವೋ, ಯಾವುದೋ ಅಡತಿ ಅಂಗಡಿಯ ವಹಿಯ ಹಾಳೆ, ಇಲ್ಲವೆ ಹಳೆಯ ಉರ್ದು ಪತ್ರಿಕೆಯ ತುಂಡು. ಸಿಕ್ಕ ಮರುದಿನವೇ ಅದು ಪತ್ತಾರನ ತಕ್ಕಡಿಗೆ ಹೋಗುತ್ತದೆ. ತೂಗಿ, ಧಾರಣೆ ಕಟ್ಟಿ, ಕರಗಿಸಿ ಕಾಲುಂಗುರ ಮಾಡಿದರೆ ಅಲ್ಲಿಗೆ ಅದರ ಕಥೆ ತೀರಿತು. ಹಾಗೆ ಮಾಡುವ ಮುಂಚೆ ಒಂದು ಗಳಿಗೆ ಸುರುಳಿ ಬಿಚ್ಚಿ ನಾಣ್ಯಗಳನ್ನು ಓದಿರೆಂದು ಕೇಳಿಕೊಳ್ಳುವುದಕ್ಕಾಗಿಯೇ ಈ ನಾಲ್ಕು ಮಾತು.

ಮೊದಲು ಹೆಸರನ್ನೇ ನೋಡೋಣ. ಹಾಲಿ ಎಂದರೆ ಈಗ ನಡೆಯುತ್ತಿರುವುದು, ಸಿಕ್ಕಾ ಎಂದರೆ ಮುದ್ರೆ. ನಿಜಾಮರ ರಾಜ್ಯದಲ್ಲಿ ಚಲಾವಣೆಯಲ್ಲಿದ್ದ ನಾಣ್ಯಕ್ಕೆ ಹಾಲಿ ಸಿಕ್ಕಾ ಎಂದು ಹೆಸರಾಯಿತು. ಇಂಗ್ಲಿಷರ ರೂಪಾಯಿಗೆ ನಮ್ಮವರು ಕಲ್ದಾರ ಎಂದರು. ಕಲ್ ಎಂದರೆ ಯಂತ್ರ, ಯಂತ್ರದಿಂದ ಅಚ್ಚಾದದ್ದು ಕಲ್ದಾರ. ರೂಪಾಯಿ ಎಂಬುದಕ್ಕೆ ಮೂಲವಾದ ರೂಪ್ಯ ಶಬ್ದವಂತೂ ಪಾಣಿನಿಯಷ್ಟು ಹಳೆಯದು. ಪಂಡಿತರಿಗೆ ಶಬ್ದ ಸಿಕ್ಕರೆ ಬಿಡುವ ಮನಸ್ಸಾಗದು. ಇರಲಿ, ನಾಣ್ಯಕ್ಕೆ ಬರೋಣ.

ಹಾಲಿ ರೂಪಾಯಿಯ ಒಂದು ಬದಿಯಲ್ಲಿ ಚಾರಮಿನಾರ್ ಇದೆ. ಅದರ ಬಾಗಿಲಿನೊಳಗೆ ಒಂದು ಅಕ್ಷರ ಇರುತ್ತದೆ, ಕಣ್ಣಿಟ್ಟು ನೋಡಿರಿ. ಅದು ಮೀಮ್ ಆಗಿದ್ದರೆ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಕಾಲದ್ದು. ಅಯಿನ್ ಆಗಿದ್ದರೆ 1911ರಲ್ಲಿ ಪಟ್ಟಕ್ಕೆ ಬಂದ ಉಸ್ಮಾನ್ ಅಲಿ ಖಾನರದು. ವರ್ಷ ಹಿಜರಿಯಲ್ಲಿದೆ. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ನಮ್ಮ ಕ್ರಿಸ್ತಶಕ ಹತ್ತಿರ ಹತ್ತಿರ ಬರುತ್ತದೆ. 1343 ಎಂದಿದ್ದರೆ 1924-25. ಲೆಕ್ಕ ಕಲಿಯುವ ಮಕ್ಕಳ ಕೈಗೆ ಈ ಕೆಲಸವನ್ನು ಕೊಡಿರಿ. ಪುಸ್ತಕದ ಲೆಕ್ಕಕ್ಕಿಂತ ಬೇಗ ಮಾಡುತ್ತಾರೆ.

ಏಳು ಹಾಲಿಗೆ ಆರು ಕಲ್ದಾರ ಎಂಬ ದರವನ್ನು ಹಿರಿಯರಿಂದ ಕೇಳಿರಬಹುದು. ನೂರು ಕಲ್ದಾರಕ್ಕೆ ನೂರಹದಿನಾರು ರೂಪಾಯಿ, ಹತ್ತಾಣೆ, ಎಂಟು ಪೈ. ಈ ದರ ಸುಮ್ಮನೆ ಕಟ್ಟಿದ್ದಲ್ಲ. ಹಾಲಿ ರೂಪಾಯಿಯ ತೂಕ 11.18 ಗ್ರಾಂ, ಅದರಲ್ಲಿ ಬೆಳ್ಳಿ ನೂರಕ್ಕೆ ಸುಮಾರು 82. ಹಳೆಯ ಕಲ್ದಾರದ ತೂಕ 11.66 ಗ್ರಾಂ, ಬೆಳ್ಳಿ ನೂರಕ್ಕೆ ಸುಮಾರು 92. ಗುಣಿಸಿ ನೋಡಿರಿ: ಏಳು ಹಾಲಿಯಲ್ಲಿಯೂ ಆರು ಕಲ್ದಾರದಲ್ಲಿಯೂ ಶುದ್ಧ ಬೆಳ್ಳಿ ಹೆಚ್ಚುಕಡಿಮೆ 64 ಗ್ರಾಂ! ಸುರಪುರದಿಂದ ಪಡುವಲಿಗೆ ತಾಳಿಕೋಟಿಯ ಸಂತೆಗೆ ಹೋದರೆ ಅದು ವಿಜಾಪುರ ಜಿಲ್ಲೆ, ಮುಂಬಯಿ ಇಲಾಖೆ. ಅಲ್ಲಿ ನಡೆಯುವುದು ಕಲ್ದಾರ. ಎತ್ತು ಕೊಳ್ಳಲು ಹೊರಟವನು ಎತ್ತಿನ ಹಲ್ಲಿನ ಜೊತೆಗೆ ರೂಪಾಯಿಯ ವಟ್ಟವನ್ನೂ ಎಣಿಸಬೇಕಾಗಿತ್ತು. ಒಂದೇ ಸುರುಳಿಯಲ್ಲಿ ಎರಡೂ ಬಗೆಯ ನಾಣ್ಯ ಕೂಡಿಕೊಂಡಿದ್ದರೆ ಆ ಮನೆಯವರ ವ್ಯವಹಾರ ಗಡಿ ದಾಟಿತ್ತೆಂದು ಊಹಿಸಬಹುದು. 1948ರಲ್ಲಿ ಸಂಸ್ಥಾನ ವಿಲೀನವಾಯಿತು; 1950ರಲ್ಲಿ ಭಾರತದ ರೂಪಾಯಿ ಬಂದಿತು; ಕೆಲವು ವರ್ಷ ಎರಡೂ ಜೊತೆಯಾಗಿ ನಡೆದು ಹಾಲಿ ಮರೆಯಾಯಿತು.

ಕಲ್ದಾರದಲ್ಲಿ ಇನ್ನೊಂದು ಸೋಜಿಗವಿದೆ. ಅಮೆರಿಕೆಯಲ್ಲಿಯೂ ಬೆಳ್ಳಿಯ ಡಾಲರನ್ನು ಇಪ್ಪತ್ತಿಪ್ಪತ್ತರಂತೆ ಕಾಗದದಲ್ಲಿ ಸುತ್ತಿಡುವ ವಾಡಿಕೆ ಇತ್ತು. ಇಂದಿಗೂ ಅಂಥ ಸುರುಳಿಗಳನ್ನು ಕೂಡಿಹಾಕುವವರು ಅಲ್ಲಿದ್ದಾರೆ. ಮೊದಲನೆಯ ಮಹಾಯುದ್ಧದ ಕೊನೆಗೆ ಭಾರತದಲ್ಲಿ ರೂಪಾಯಿಗೆ ಬೆಳ್ಳಿ ಸಾಲದೆ ಹೋದಾಗ, 1918ರ ಪಿಟ್‌ಮನ್ ಕಾಯಿದೆಯಂತೆ ಅಮೆರಿಕದವರು ಸುಮಾರು 27 ಕೋಟಿ ಡಾಲರುಗಳನ್ನು ಕರಗಿಸಿದರು. ಅದರ ಬಹುಪಾಲನ್ನು ಬ್ರಿಟನ್ನಿಗೆ ಮಾರಿದರು. ಆ ಬೆಳ್ಳಿ ಇಲ್ಲಿನ ಟಂಕಸಾಲೆಗೆ ಬಂದಿತು. ನಿಮ್ಮಲ್ಲಿ 1918-20ರ, ಐದನೆಯ ಜಾರ್ಜ್ ದೊರೆಯ ಮುಖವುಳ್ಳ ರೂಪಾಯಿ ಇದ್ದರೆ ಅದು ಹಿಂದಿನ ಜನ್ಮದಲ್ಲಿ ಡಾಲರು ಆಗಿದ್ದಿರಬಹುದು.

ಇನ್ನು ಜೋಪಾನದ ಮಾತು. ಹುಣಸೆಹಣ್ಣು, ಬೂದಿ, ಹಲ್ಲಿನ ಪುಡಿ ಹಾಕಿ ತಿಕ್ಕಲೇಬೇಡಿರಿ. ತಿಕ್ಕಿದರೆ ಅಚ್ಚು ಸವೆಯುತ್ತದೆ. ಬಲ್ಲ ಸಂಗ್ರಾಹಕರು ಅಂಥ ನಾಣ್ಯವನ್ನು ಕಡಿಮೆ ಬೆಲೆಗೂ ಕೇಳುವುದಿಲ್ಲ. ಸುರುಳಿಯ ಎರಡು ತುದಿಯ ರೂಪಾಯಿಗಳು ಕಪ್ಪಾಗಿ, ನಡುವಿನವು ಬೆಳ್ಳಗೆ ಉಳಿದಿರುವುದನ್ನು ನೀವು ಕಾಣುವಿರಿ. ಗಾಳಿಯಲ್ಲಿಯೂ ಕಾಗದದಲ್ಲಿಯೂ ಇರುವ ಗಂಧಕ ತುದಿಯವನ್ನು ಮುಟ್ಟಿದೆ, ನಡುವಿನವುಗಳನ್ನು ನೆರೆಯವು ಕಾಯ್ದಿವೆ. ರಬ್ಬರು ಬಳೆ ಹಾಕಬೇಡಿರಿ, ಅದರಲ್ಲಿಯೂ ಗಂಧಕವಿದೆ. ಅಂಚು ಹಿಡಿದು ಎತ್ತಿರಿ, ಒಣ ಜಾಗದಲ್ಲಿ ಒಂದೊಂದನ್ನೂ ಬೇರೆಯಾಗಿಡಿರಿ.

ಮನೆಯ ಪೆಟ್ಟಿಗೆಯಲ್ಲಿದ್ದದ್ದು ಬೇರೆ, ಹೊಲ ಉಳುವಾಗ, ಗೋಡೆ ಕೆಡವುವಾಗ ಸಿಕ್ಕದ್ದು ಬೇರೆ. ನೆಲದಲ್ಲಿ, ಗೋಡೆಯಲ್ಲಿ ಹುದುಗಿದ್ದುದು ನಿಧಿ ಕಾಯಿದೆಗೆ ಸೇರುತ್ತದೆ. ಅದನ್ನು ಅಧಿಕಾರಿಗಳಿಗೆ ತಿಳಿಸಲೇಬೇಕು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯಂತೆ ಪುರಾತನ ವಸ್ತು. ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ.

ಸುತ್ತಿದ ಕಾಗದವನ್ನೂ ಒಲೆಗೆ ಹಾಕಬೇಡಿರಿ. ಅದರ ಮೇಲೆ ಮೋಡಿಯಲ್ಲೋ ಉರ್ದುವಿನಲ್ಲೋ ಹೆಸರು, ತಾರೀಖು, ಮೊತ್ತ ಇರಬಹುದು. ಓದಬಲ್ಲ ಹಿರಿಯರು ಇನ್ನೂ ಓಣಿಗೊಬ್ಬರಾದರೂ ಇರುವಾಗಲೇ ಓದಿಸಿ, ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗಿಡಿರಿ.