ಹೊರಸಂಚಾರಕ್ಕೊಂದು ಚೂರಿ

ಡೇನಿಯಲ್ ಡಿಫೋ 1719ರಲ್ಲಿ ಪ್ರಕಟಿಸಿದ ರಾಬಿನ್‌ಸನ್ ಕ್ರೂಸೋವಿನ ಕಥೆಯನ್ನು ಬಾಲ್ಯದಲ್ಲಿ ಓದದವರು, ಓದಿದವರಿಂದ ಕೇಳದವರು ನಮ್ಮಲ್ಲಿ ವಿರಳ. ಹಡಗು ಒಡೆದು, ಅಲೆಗಳ ಹೊಡೆತಕ್ಕೆ ಸಿಕ್ಕಿ, ನಿರ್ಜನವಾದ ದಡವನ್ನು ಸೇರಿದ ಆ ಮನುಷ್ಯನ ಮೈಮೇಲೆ ಮೊದಲ ದಿನ ಇದ್ದ ಸಂಪತ್ತು ಇಷ್ಟೆ: ಒಂದು ಚೂರಿ, ಹೊಗೆ ಸೇದುವ ಒಂದು ಕೊಳವೆ, ಡಬ್ಬಿಯಲ್ಲಿ ಒಂದಿಷ್ಟು ಹೊಗೆಸೊಪ್ಪು. ಆತ್ಮರಕ್ಷಣೆಗೆಂದು ಕೋಲೊಂದನ್ನು ಕಡಿದುಕೊಂಡು, ಮರವನ್ನೇರಿ ಆತನು ಆ ರಾತ್ರಿಯನ್ನು ಕಳೆದನು. ನಾವು ಈ ಪುಸ್ತಕವನ್ನು ಹಲವು ವರ್ಷ ತರಗತಿಯಲ್ಲಿ ಪಾಠ ಹೇಳಿದ್ದೇವೆ. ಆ ಚೂರಿ ಎಂತಹದು, ಅದರ ಹಿಡಿ ಗಟ್ಟಿಯಾಗಿತ್ತೆ ಎಂದು ಒಬ್ಬ ವಿದ್ಯಾರ್ಥಿಯೂ ಕೇಳಿದ್ದಿಲ್ಲ. ನಮಗೂ ಹೊಳೆದಿರಲಿಲ್ಲ. ಹೊಳೆಯುವಂತೆ ಆದ ಸಂದರ್ಭವು ಸಂತೋಷದ್ದಲ್ಲ. ಆದರೂ ಅದನ್ನು ಹೇಳದೆ ಈ ವಿಷಯವನ್ನು ಪ್ರಾರಂಭಿಸುವುದು ನಮಗೆ ಸಾಧ್ಯವಿಲ್ಲ.

ಧಾರವಾಡದಿಂದ ಕಲಘಟಗಿಯ ಕಡೆಗೆ ಹೋದಂತೆ ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಮೊದಲಾಗುತ್ತದೆ. ಅಲ್ಲಿ ನಮ್ಮ ಸ್ನೇಹಿತರೊಬ್ಬರ ತೋಟವುಂಟು. ಕೆಲವು ವರ್ಷಗಳ ಹಿಂದೆ, ಮಾರ್ಗಶಿರದ ಚಳಿಯಲ್ಲಿ, ಹನ್ನೆರಡು ಮಂದಿ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಒಂದು ರಾತ್ರಿಯ ವಾಸಕ್ಕೆಂದು ಹೋಗಿದ್ದೆವು. ಹೊರಡುವ ಮುನ್ನ ನಾವೇ ಅಂಗಡಿಗೆ ಹೋಗಿ, ಗಾಜಿನ ಪೆಟ್ಟಿಗೆಯಲ್ಲಿ ಥಳಥಳಿಸುತ್ತಿದ್ದ ಒಂದು ಚೂರಿಯನ್ನು ಕೊಂಡೆವು. ಅಲಗಿನ ಬೆನ್ನಿನ ಮೇಲೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ, ಹಿಡಿಯೊಳಗೆ ಬೆಂಕಿಕಡ್ಡಿ ಇಡಲು ಟೊಳ್ಳು. ಒಂದು ವಸ್ತುವಿನಲ್ಲಿ ನಾಲ್ಕು ವಸ್ತು ಬಂದವೆಂದು ನಾವು ಹಿಗ್ಗಿದೆವು. ಸಾಯಂಕಾಲ ಒಲೆ ಹೂಡುವಾಗ ಒಬ್ಬ ಹುಡುಗನು ಸೌದೆಯ ತುಂಡನ್ನು ಎಡಗೈಯಲ್ಲಿ ನಿಲ್ಲಿಸಿ, ಅದರ ತಲೆಯ ಮೇಲೆ ಚೂರಿಯನ್ನಿಟ್ಟು, ಇನ್ನೊಬ್ಬನಿಂದ ಅದರ ಬೆನ್ನಿಗೆ ಕೊರಡಿನಿಂದ ಹೊಡೆಯಿಸಿದನು. ಮೂರನೆಯ ಪೆಟ್ಟಿಗೆ ಹಿಡಿ ಅವನ ಬಲಗೈಯಲ್ಲಿ ಉಳಿಯಿತು. ಅಲಗು ತಿರುಗಿ ಎಡಗೈಯ ತೋರುಬೆರಳ ಬುಡಕ್ಕೆ ಇಳಿಯಿತು.

ಆ ಹುಡುಗನು ಸಿತಾರ ಕಲಿಯುತ್ತಿದ್ದನು. ಧಾರವಾಡದ ಓಣಿಗಳಲ್ಲಿ ಅದೇನೂ ಆಶ್ಚರ್ಯದ ಸಂಗತಿಯಲ್ಲ. ಆದರೆ ಸಿತಾರದಲ್ಲಿ ತಂತಿಯನ್ನು ಒತ್ತುವುದು, ಎಳೆಯುವುದು, ಸ್ವರವನ್ನು ಸ್ವರಕ್ಕೆ ಸೇರಿಸುವುದು ಎಲ್ಲವೂ ಎಡಗೈಯ ಆ ಬೆರಳಿನ ಮತ್ತು ಅದರ ಪಕ್ಕದ ಬೆರಳಿನ ಕೆಲಸ. ವೈದ್ಯರು ಸ್ನಾಯುರಜ್ಜುವನ್ನು ಹೊಲಿದರು. ಎಂಟು ತಿಂಗಳ ಕಾಲ ಅವನು ವಾದ್ಯವನ್ನು ಮುಟ್ಟಲಿಲ್ಲ. ಅವನ ತಂದೆಯವರು ನಮಗೆ ಒಂದು ಕಟು ಮಾತನ್ನೂ ಆಡಲಿಲ್ಲ, ಆಡಿದ್ದರೆ ಚೆನ್ನಾಗಿತ್ತು.

ಮುರಿದ ಚೂರಿಯನ್ನು ನಾವು ಎಸೆಯದೆ ಇಟ್ಟುಕೊಂಡೆವು. ಅದನ್ನು ಕಾಗದದಲ್ಲಿ ಸುತ್ತಿಕೊಂಡು, ಧಾರವಾಡದ ಹೊರಗಿನ ಹಳ್ಳಿಯೊಂದರಲ್ಲಿ ಕುಲುಮೆ ನಡೆಸುವ ವೃದ್ಧ ಕಂಬಾರರೊಬ್ಬರ ಬಳಿಗೆ ಹೋದೆವು. ಅವರು ಅಲಗನ್ನು ಹೊರಳಿಸಿ ನೋಡಿ, ಹಿಡಿಯೊಳಗೆ ಹೋಗಿದ್ದ ತುಂಡನ್ನು ಹೆಬ್ಬೆರಳಿನಿಂದ ಮುಟ್ಟಿ, "ಮಾಸ್ತರ, ನೀವು ಕೊಂಡದ್ದು ಬರೇ ಹೊಳಪು. ಇದರ ಬಾಲ ನೋಡ್ರಿ, ಸೀಸಕಡ್ಡಿಯಷ್ಟೂ ದಪ್ಪಿಲ್ಲ. ಇದಕ್ಕ ಪೆಟ್ಟು ಹಾಕಿದ್ರ ಮುರೀದ ಏನ್ ಮಾಡತೈತಿ?" ಎಂದರು. ಅಂದಿನ ಮಧ್ಯಾಹ್ನ ಅವರ ಕುಲುಮೆಯಲ್ಲಿ ನಾವು ಕಲಿತದ್ದನ್ನೂ, ಆಮೇಲೆ ಓದಿ ತಿಳಿದುಕೊಂಡದ್ದನ್ನೂ ಕೂಡಿಸಿ ಈಗ ನಿವೇದಿಸುತ್ತೇವೆ.

ಮಡಚುವ ಚಾಕುವಿಗೆ ಕೀಲುಂಟು, ಕೀಲಿರುವಲ್ಲಿ ಬಲಹೀನತೆಯುಂಟು. ಮಡಚದ ಚೂರಿಯನ್ನು ಹೊರಗಿನ ಕೆಲಸಕ್ಕೆ ಆರಿಸುವುದೇ ಈ ಕಾರಣದಿಂದ. ಆದರೆ ಅಲಗಿನ ಉಕ್ಕು ಹಿಡಿಯೊಳಗೆ ಎಷ್ಟು ದೂರ, ಎಷ್ಟು ಅಗಲವಾಗಿ ಹೋಗಿದೆ ಎಂಬುದನ್ನು ನೋಡದಿದ್ದರೆ ಮಡಚದ ಚೂರಿಯೂ ಕೀಲುಳ್ಳ ಚೂರಿಗಿಂತ ಕೀಳಾದೀತು. ಒಳ್ಳೆಯ ಚೂರಿಯಲ್ಲಿ ಅಲಗು ಮತ್ತು ಬಾಲ ಒಂದೇ ಪಟ್ಟಿಯ ಉಕ್ಕು. ಹಿಡಿಯ ಕೊನೆಯವರೆಗೂ ಹೆಚ್ಚುಕಡಮೆ ಅದೇ ಅಗಲ. ಎರಡು ಪಕ್ಕಗಳಲ್ಲಿ ಮರದ ಚಕ್ಕೆಗಳನ್ನಿಟ್ಟು ಎರಡು ಮೂರು ಗುಬ್ಬಿಮೊಳೆಗಳಿಂದ ಬಿಗಿದಿರುತ್ತಾರೆ. ಹಿಡಿಯ ಬೆನ್ನನ್ನು ನೋಡಿದರೆ ಮರದ ನಡುವೆ ಉಕ್ಕಿನ ಗೆರೆ ಉದ್ದಕ್ಕೂ ಕಾಣಬೇಕು. ಅದು ಕಾಣದೆ ಇದ್ದರೆ, ಒಳಗೆ ಏನಿದೆಯೆಂದು ಮಾರುವವನನ್ನು ಕೇಳಬೇಕು. ಅವನು ಉತ್ತರಕ್ಕೆ ತಡಕಾಡಿದರೆ ಮುಂದಿನ ಅಂಗಡಿಗೆ ಹೋಗಬೇಕು. ಹಿಡಿ ಟೊಳ್ಳಾಗಿದ್ದರಂತೂ ಕೇಳುವ ಅಗತ್ಯವೇ ಇಲ್ಲ.

ಇನ್ನು ಉಕ್ಕು. ಹುಬ್ಬಳ್ಳಿ ರೈಲು ಮತ್ತು ಲಾರಿಗಳ ಊರು; ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಗಳು ಗುಜರಿಯಲ್ಲಿ ಧಾರಾಳವಾಗಿ ದೊರೆಯುತ್ತವೆ. ಈ ಸೀಮೆಯ ಕಂಬಾರರು ಅವುಗಳಿಂದಲೇ ಕುಡಗೋಲು ಕೊಡಲಿಗಳನ್ನು ಮಾಡುತ್ತಾರೆ. ಇದನ್ನು ಕೇಳಿ ಮೂಗು ಮುರಿಯುವ ವಿದ್ಯಾವಂತರುಂಟು; ಅವರ ಅಭಿಪ್ರಾಯವು ತಪ್ಪು. ಆ ಪಟ್ಟಿಯಲ್ಲಿ ಇಂಗಾಲದ ಅಂಶ ಸುಮಾರು 0.5ರಿಂದ 0.6 ಶೇಕಡಾ ಇರುತ್ತದೆ. ಪೆಟ್ಟನ್ನು ತಾಳಿಕೊಂಡು ಬಾಗಿ ನೆಟ್ಟಗಾಗುವ ಗುಣ ಅದಕ್ಕೆ ಹುಟ್ಟಿನಿಂದ ಬಂದದ್ದು. ಹಳೆಯ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದೀತೆಂಬ ಒಂದು ಭಯವುಂಟು. ಅದಕ್ಕಾಗಿಯೇ ನಮ್ಮ ಕಂಬಾರರು ಪ್ರತಿಯೊಂದು ತುಂಡನ್ನೂ ಅಡಿಗಲ್ಲಿಗೆ ತಟ್ಟಿ, ಕಿವಿಗೊಟ್ಟು ಕೇಳುತ್ತಿದ್ದರು. ಬಿರುಕಿಲ್ಲದ ಉಕ್ಕು ಗಂಟೆಯಂತೆ ನುಡಿಯುತ್ತದೆ. ಬಿರುಕಿದ್ದರೆ ಒಡೆದ ಗಡಿಗೆಯ ದನಿ.

ಉಕ್ಕು ಉತ್ತಮವಾದರೆ ಸಾಲದು, ಹದ ಸರಿಯಾಗಬೇಕು. ನಾವು ಹೋದಾಗ ಕುಲುಮೆಯಲ್ಲಿ ಕತ್ತಲೆ. ಬಾಗಿಲಿಗೆ ಗೋಣಿಯ ಪರದೆ. ಬಡತನವೆಂದು ಭಾವಿಸಿದೆವು. "ಬಿಸಿಲಾಗ ಬೆಂಕೀ ಬಣ್ಣ ತಿಳ್ಯೂದಿಲ್ರಿ" ಎಂದು ಅವರು ನಮ್ಮ ಅಜ್ಞಾನವನ್ನು ತಿದ್ದಿದರು. ಉಕ್ಕನ್ನು ಕೆಂಡದ ಕೆಂಪಿಗೆ, ಅಯಸ್ಕಾಂತವು ಅದನ್ನು ಸೆಳೆಯದಷ್ಟು ಕಾವಿಗೆ, ಎಂದರೆ ಸುಮಾರು 770 ಡಿಗ್ರಿ ಸೆಂಟಿಗ್ರೇಡನ್ನು ದಾಟಿಸಿ, ಒಡನೆಯೇ ಎಣ್ಣೆಯಲ್ಲಿ ಅದ್ದುತ್ತಾರೆ. ಆಗ ಅದು ಬಹು ಗಡುಸಾಗುತ್ತದೆ. ಆದರೆ ಗಾಜಿನಂತೆ ಒಡೆಯುವ ಗುಣವನ್ನೂ ಪಡೆಯುತ್ತದೆ. ಅದನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಯಿಸಿದರೆ ಮೈಮೇಲೆ ಬಣ್ಣಗಳು ಓಡುತ್ತವೆ: ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕಡೆಗೆ ನೀಲಿ. ಹಳದಿಯು 220 ಡಿಗ್ರಿಯ ಸುಮಾರಿಗೆ, ನೀಲಿಯು 300ರ ಸುಮಾರಿಗೆ. ಚೂರಿಯ ಬಾಯಿಗೆ ಹಳದಿ ಕಂದುಗಳ ನಡುವೆ ನಿಲ್ಲಿಸುವುದು ಪದ್ಧತಿ. ಅದಕ್ಕೆ ಮೊದಲೇ ನಿಲ್ಲಿಸಿದರೆ ಬಾಯಿ ಚಕ್ಕೆಯೇಳುತ್ತದೆ, ಬಹಳ ಮುಂದೆ ಹೋಗಬಿಟ್ಟರೆ ಮಡಚಿಕೊಳ್ಳುತ್ತದೆ. ಈ ಕ್ಷಣವನ್ನು ಅಳೆಯಲು ಅವರಿಗೆ ಯಾವ ಯಂತ್ರವೂ ಇರಲಿಲ್ಲ. ಕೊಳ್ಳುವವನು ಪರೀಕ್ಷಿಸಬೇಕಾದರೆ ಒಂದು ಅರವನ್ನು ಬಾಯಿಯ ಅಂಚಿನ ಮೇಲೆ ಹಗುರವಾಗಿ ಆಡಿಸಬೇಕು: ಹದಗೊಂಡ ಉಕ್ಕಿನ ಮೇಲೆ ಅರವು ಜಾರುತ್ತದೆ, ಮೆತ್ತಗಿದ್ದರೆ ಕಚ್ಚುತ್ತದೆ.

ಪ್ರಸಂಗವಶಾತ್ ಒಂದು ಮಾತು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವಿದ್ವಾಂಸನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಹಿಂದೂಸ್ಥಾನದ 'ವೂಟ್ಜ್' ಎಂಬ ಉಕ್ಕನ್ನು ಕುರಿತು ಪ್ರಬಂಧವನ್ನೋದಿದನು. ಆ ಬಳಿಕ ಮೈಕೇಲ್ ಫ್ಯಾರಡೆಯೂ ಅದರ ರಹಸ್ಯವನ್ನು ಭೇದಿಸಲು ಶ್ರಮಿಸಿದನು. ಆ ಶಬ್ದವು ಕನ್ನಡದ 'ಉಕ್ಕು' ಎಂಬುದರ ಅಪಭ್ರಂಶವೆಂದು ಬಹು ವಿದ್ವಾಂಸರು ಹೇಳುತ್ತಾರೆ. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಸಾಹೇಬನು, ಮಣ್ಣಿನ ಮೂಸೆಗಳಲ್ಲಿ ಕಬ್ಬಿಣದೊಡನೆ ತಂಗಡಿಯ ಕಡ್ಡಿಗಳನ್ನು ಹಾಕಿ ಉಕ್ಕು ಕರಗಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಜಗತ್ತಿಗೆ ಉಕ್ಕಿನ ಹೆಸರನ್ನು ಕೊಟ್ಟ ಭಾಷೆಯವರಾದ ನಾವು, ಚೂರಿ ಕೊಳ್ಳುವಾಗ ದಿಕ್ಸೂಚಿಯನ್ನು ನೋಡಿ ಮರುಳಾದೆವು!

ತುಕ್ಕು ಹಿಡಿಯದ ಉಕ್ಕಿನ ಪ್ರಶ್ನೆ ಸಹಜವಾಗಿ ಏಳುತ್ತದೆ. ಶೇಕಡಾ 12-13 ಅಥವಾ ಅದಕ್ಕೂ ಮಿಗಿಲಾಗಿ ಕ್ರೋಮಿಯಂ ಬೆರೆತ ಸ್ಟೇನ್‌ಲೆಸ್ ಚೂರಿಗಳಲ್ಲಿ ಅತ್ಯುತ್ತಮವಾದವೂ ಇವೆ. ಕರಾವಳಿಯ ಉಪ್ಪುಗಾಳಿಯಲ್ಲಿ ಓಡಾಡುವವರು ಅದನ್ನೇ ಆರಿಸಲಿ. ಆದರೆ ಅಗ್ಗದ ಸ್ಟೇನ್‌ಲೆಸ್ ಎಂದರೆ ಬಹುಮಟ್ಟಿಗೆ ಹೊಳೆಯುವ ಮೊಂಡುತನ. ಕಂಬಾರರ ಚೂರಿ ನಿಂಬೆಯ ಹುಳಿ ತಾಗಿದರೆ ಕಪ್ಪಾಗುತ್ತದೆ, ಮಳೆಯಲ್ಲಿ ಮರೆತರೆ ತುಕ್ಕಾಗುತ್ತದೆ. ಒರಸಿ ಒಂದು ಹನಿ ಎಣ್ಣೆ ಸವರುವ ವ್ಯವಧಾನವುಳ್ಳವರಿಗೆ ಅದೇ ಲೇಸು. ಸಾಣೆಗಲ್ಲಿನ ಮೇಲೆ ಬೇಗ ಹರಿತವಾಗುತ್ತದೆ.

ನಮಗೊಂದು ಚೂರಿ ಮಾಡಿಕೊಡಿರೆಂದು ಬೇಡಿದಾಗ ಅವರು, "ಏನ್ ಕೆಲಸಕ್ಕ?" ಎಂದರು. ಎಲ್ಲ ಕೆಲಸಕ್ಕೂ ಎಂದೆವು. ಅವರು ನಕ್ಕುಬಿಟ್ಟರು. "ಕಟಿಗಿ ಒಡ್ಯಾಕ ಕೊಡ್ಲಿ ಐತಿ, ಕಂಟಿ ಕಡ್ಯಾಕ ಕುಡಗೋಲ ಐತಿ. ಚೂರಿಗೆ ಯಾಕ್ರಿ ಅವೆಲ್ಲಾ ಹೇರತೀರಿ?" ಈ ಪ್ರಶ್ನೆಯನ್ನು ಒಂದು ವರ್ಷ ಮೊದಲು ಯಾರಾದರೂ ಕೇಳಿದ್ದರೆ ಆ ಹುಡುಗನ ಬೆರಳು ಉಳಿಯುತ್ತಿತ್ತು. ಶಿರಸಿ ಸಿದ್ದಾಪುರಗಳ ತೋಟಿಗನು ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಳ್ಳುವ ಕತ್ತಿಯೇ ಬೇರೆ. ಕೊಡವರು ಬೆನ್ನ ಹಿಂದೆ ಧರಿಸುವ ಅಗಲವಾದ ಒಡಿಕತ್ತಿಯೇ ಬೇರೆ. ಅವರೇ ಮುಂದೆ ಸಿಕ್ಕಿಸುವ ಪೀಚೆಕತ್ತಿಯೇ ಬೇರೆ. ಒಂದೊಂದೂ ಒಂದೊಂದು ನೆಲದ ಗಿಡಮರಗಳನ್ನೂ ಆಚಾರಗಳನ್ನೂ ನೋಡಿ ಹುಟ್ಟಿದ್ದು. ಹಗ್ಗ ಕೊಯ್ಯಲು, ಕಾಯಿಪಲ್ಲೆ ಹೆಚ್ಚಲು, ಗೂಟ ಚೂಪು ಮಾಡಲು, ಒಲೆಗೆ ಪುರಲೆ ಸೀಳಲು ನಾಲ್ಕು ಅಥವಾ ಐದು ಅಂಗುಲದ ಅಲಗು, ಬೆನ್ನಿನಲ್ಲಿ ಮೂರು ನಾಲ್ಕು ಮಿಲಿಮೀಟರ್ ದಪ್ಪ ಸಾಕು. ಅದಕ್ಕಿಂತ ಉದ್ದವಾದದ್ದು ಕೈಗಿಂತ ಹೆಚ್ಚಾಗಿ ಅಭಿಮಾನಕ್ಕೆ ಒಪ್ಪುತ್ತದೆ.

ಹಿಡಿಯನ್ನು ಕೈ ಒದ್ದೆ ಮಾಡಿಕೊಂಡು ಹಿಡಿದು ನೋಡಬೇಕು. ಬೆರಳು ಮುಂದಕ್ಕೆ ಜಾರಿ ಬಾಯಿಗೆ ತಾಗದಂತೆ ತಡೆಯುವ ಒಂದು ಉಬ್ಬು ಇರಲೇಬೇಕು. ಒರೆಯು ದಪ್ಪ ಚರ್ಮದ್ದಾಗಿ, ಬುಡಮೇಲು ಮಾಡಿ ಕೊಡವಿದರೂ ಚೂರಿ ಬೀಳದಂತಿರಬೇಕು.

ಕಾನೂನಿನ ವಿಷಯವನ್ನು ನಗರವಾಸಿಗಳು ತಿಳಿದಿರುವುದು ಅವಶ್ಯ. 1959ರ ಶಸ್ತ್ರಾಸ್ತ್ರ ಕಾಯಿದೆಯ ನಿಯಮಗಳು 9 ಅಂಗುಲಕ್ಕಿಂತ ಉದ್ದವಾದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗುಗಳನ್ನು ಆಯುಧವೆಂದೆಣಿಸಿ, ಮನೆವಾರ್ತೆ, ವ್ಯವಸಾಯ ಮುಂತಾದವುಗಳಿಗೆಂದು ಮಾಡಿದವುಗಳನ್ನು ಮಾತ್ರ ಬಿಟ್ಟಿವೆ. ಅದಕ್ಕಿಂತ ಮುಖ್ಯವಾದದ್ದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ. ಅದರ ಪ್ರಕಾರ ಅಭಯಾರಣ್ಯದೊಳಕ್ಕೆ ಅನುಮತಿಪತ್ರವಿಲ್ಲದೆ ಆಯುಧವನ್ನು ಒಯ್ಯಕೂಡದು, ಮತ್ತು ಆಯುಧವೆಂಬ ಶಬ್ದದಲ್ಲಿ ಚೂರಿಯೂ ಸೇರಿದೆ. ದಾಂಡೇಲಿಯ ಕಾಡಿಗೆ ಹೊರಟ ನಮ್ಮ ಊರಿನ ತರುಣರು ಇದನ್ನು ಅರಿಯದೆ ಪೇಚಿಗೆ ಸಿಲುಕಬಾರದು. ಹೊಲ, ತೋಟ, ಹೊಳೆಯ ದಂಡೆಗಳೇ ಚೂರಿಗೆ ತಕ್ಕ ಸ್ಥಳಗಳು.

ಕಂಬಾರರು ಮಾಡಿಕೊಟ್ಟ ಚೂರಿ ಈಗ ನಮ್ಮ ಬಳಿಯಿದೆ. ಅಲಗಿನ ಮೇಲೆ ಸುತ್ತಿಗೆಯ ಗುರುತುಗಳು ಹಾಗೆಯೇ ಉಳಿದಿವೆ; ಹಿಡಿ ಬೀಟೆಯದು. ಕಳೆದ ವರ್ಷ ಮತ್ತೆ ಅದೇ ತೋಟಕ್ಕೆ ಹೊರಟಾಗ ಆ ಹುಡುಗನೂ ಬಂದನು. ಅವನ ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ; ಮಂದ್ರದಲ್ಲಿ ಮೀಂಡು ಎಳೆಯುವಾಗ ತೊಡಕಾಗುತ್ತದೆಂದು ಹೇಳುತ್ತಾನೆ, ಆದರೆ ನುಡಿಸುತ್ತಾನೆ. ಒಲೆಯ ಹೊತ್ತಿಗೆ ಚೂರಿಯನ್ನು ಅವನ ಕೈಗೆ ಕೊಡಲು ನಾವು ಹಿಂಜರಿಯುತ್ತಿದ್ದೆವು. ಅವನೇ ಕೇಳಿ ತೆಗೆದುಕೊಂಡನು. ಒರೆಯಿಂದ ಹೊರಗೆಳೆದು, ಬಾಯಿಯನ್ನು ನೋಡದೆ, ಹಿಡಿಯನ್ನು ಬೆಳಕಿಗೆ ತಿರುಗಿಸಿ ಅದರ ಬೆನ್ನಿನ ಉಕ್ಕಿನ ಗೆರೆಯನ್ನು ಕೊನೆಯವರೆಗೂ ಬೆರಳಿನಿಂದ ಸವರಿದನು. ಆಮೇಲೆ ಸೌದೆ ಒಡೆಯಲು ಕೊಡಲಿ ಎಲ್ಲಿದೆಯೆಂದು ಕೇಳಿದನು.